ಹಳದಿ ದೀಪದ ಹಿಂದಿನ ಹೊಗೆ

ಕಾರು ತಗೊಂಡು ಹನ್ನೊಂದನೇ ದಿನ. ಊರಿಗೆ ಹೋಗ್ತಾ ಎಡೆಯೂರು ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಇಂಜಿನ್ ಆಕಾರದ ಆ ಚಿತ್ರ ನೋಡಿದರೆ ನನಗೆ ನಮ್ಮ ತೋಟದ ಮೋಟರ್ ಪಂಪೇ ನೆನಪಾಗೋದು. 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರು ತಲುಪೋವರೆಗೂ ರಸ್ತೆಗಿಂತ ಆ ದೀಪ ನೋಡಿದ್ದೇ ಹೆಚ್ಚು.

ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. "ಹೊಗೆ ಇಲ್ಲ, ಸದ್ದಿಲ್ಲ, ಚೆನ್ನಾಗೇ ಓಡ್ತದೆ. ಮತ್ಯಾಕ್ಲಾ ಈ ದೀಪ?" ಅಂದರು. ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದು ಲಕ್ಷ ಈ ಕಾರಿಗೆ ಕೊಟ್ಟಿದ್ದವರು ಅವರು. ಅಮ್ಮನ ಮಂಡಿ ತೋರಿಸೋಕೆ ಹಾಸನಕ್ಕೆ ಬಸ್ಸಲ್ಲಿ ನಿಂತು ಹೋಗೋದು ತಪ್ಪಲಿ ಅಂತ. "ಏನಿಲ್ಲಪ್ಪ, ಯಾವುದೋ ಸೆನ್ಸರ್ ಇರಬೇಕು" ಅಂದೆ. ಪೇಟೆಯ ಮೆಕ್ಯಾನಿಕ್ ಇನ್ನೂ ಸುಲಭ ಮಾಡಿಬಿಟ್ಟ: "ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಕಳಚಿ ಹಾಕಣ್ಣ, ದೀಪ ಹೋಗ್ತದೆ. ಬೇಡ ಅನ್ನಿಸಿದ್ರೆ ಹಂಗೇ ಮಾರ್ಬಿಡು." ನನಗೆ ಮಾರಿದವರೂ ಇದನ್ನೇ ಮಾಡಿದ್ರಾ ಅನ್ನೋ ಅನುಮಾನ ತಲೆಗೆ ಹೊಕ್ಕಿದ್ದು ಆಗಲೇ.

ಹೊಗೆಯಿಲ್ಲದೆ ದೀಪ ಯಾಕೆ? ಅಪ್ಪನ ಪ್ರಶ್ನೆಗೆ ಉತ್ತರ ಶುರುವಾಗೋದು 1943ರ ಜುಲೈನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಒಂದು ದಿನ ಊರಿಗೆ ಊರೇ ಮಬ್ಬು ಕವಿದು ಜನರ ಕಣ್ಣು ಉರಿಯತೊಡಗಿತು. ಯುದ್ಧದ ಕಾಲ ನೋಡಿ, ಜಪಾನಿನವರು ವಿಷಾನಿಲ ಬಿಟ್ಟಿದ್ದಾರೆ ಅಂತ ಕೆಲವರು ಹೆದರಿದ್ದೂ ಉಂಟು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕ ಮಾಡುತ್ತಿದ್ದ ಕಾರ್ಖಾನೆಯೊಂದರ ಮೇಲೆ ತಪ್ಪು ಹೊರಿಸಿ ಅದನ್ನು ಕೆಲಕಾಲ ಮುಚ್ಚಿಸಿದರು. ಮಬ್ಬು ಮಾತ್ರ ಹೋಗಲಿಲ್ಲ.

ಕಳ್ಳನನ್ನು ಹಿಡಿದಿದ್ದು ಆರಿ ಹಾಗನ್-ಸ್ಮಿಟ್ ಅನ್ನೋ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಕ್ಯಾಲ್‌ಟೆಕ್‌ನಲ್ಲಿ ಅನಾನಸ್ ಹಣ್ಣಿನ ವಾಸನೆ ಎಲ್ಲಿಂದ ಬರುತ್ತೆ ಅಂತ ಹುಡುಕುತ್ತಿದ್ದ ಮನುಷ್ಯ! ಹಣ್ಣಿನ ಆವಿ ಹಿಡಿಯೋ ಅದೇ ವಿದ್ಯೆಯಿಂದ ಊರಿನ ಗಾಳಿಯನ್ನೂ ಹಿಡಿದು ನೋಡಿದರು. ಸುಡದೆ ಉಳಿದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತವೆ, ಕಣ್ಣುರಿ ಅದರದ್ದೇ ಬಳಗದ್ದು ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದರು. ತೈಲ ಕಂಪನಿಗಳ ದುಡ್ಡಿನ ಸಂಶೋಧನೆಗಳು ಅಲ್ಲಗಳೆದವು, ಕಾರು ಕಂಪನಿಗಳು ವರ್ಷಗಟ್ಟಲೆ ಎಳೆದಾಡಿದವು. ಆದರೆ 1967ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾಗಿ ಕೂತಿದ್ದು ಇದೇ ಅನಾನಸ್ ಮೇಷ್ಟ್ರು.

1970ರ ಕ್ಲೀನ್ ಏರ್ ಆಕ್ಟ್ ಬಂತು. 1975ರ ಮಾಡೆಲ್‌ಗಳಿಂದ ಅಮೆರಿಕದ ಬಹುಪಾಲು ಕಾರುಗಳ ಹೊಟ್ಟೆಯಡಿ ಕ್ಯಾಟಲಿಟಿಕ್ ಕನ್ವರ್ಟರ್ ಕೂತಿತು. ಒಳಗೆ ಪ್ಲಾಟಿನಂ ಜಾತಿಯ ಲೋಹ ಸವರಿದ ಜೇನುಗೂಡು, ಹಾದುಹೋಗೋ ವಿಷವನ್ನು ಅಲ್ಲೇ ಸುಟ್ಟು ಕಳಿಸುತ್ತೆ. ಇಲ್ಲೇ ಇರೋದು ಮಜಾ. ಈ ಡಬ್ಬಿ ಸತ್ತುಹೋದರೂ ಕಾರು ಮಾಮೂಲಿನಂತೆ ಓಡುತ್ತೆ, ಡ್ರೈವರಿಗೆ ಗೊತ್ತೇ ಆಗಲ್ಲ. ಇಂಜಿನ್ ಆಯಿಲ್ ಕಮ್ಮಿಯಾದರೆ ಎಚ್ಚರಿಸೋ ದೀಪಗಳು 1930ರ ದಶಕದಲ್ಲೇ ಹಡ್ಸನ್ ಕಂಪನಿಯ ಕಾರುಗಳಲ್ಲಿದ್ದವು. ಮೀಟರ್ ಓದಲು ಬಾರದವರಿಗೆ ಅಂತ ಆಡಿಕೊಂಡು ಅವನ್ನು 'ಈಡಿಯಟ್ ಲೈಟ್' ಅಂತ ಕರೆದರು. ಆ ದೀಪಗಳು ಕಾಯುತ್ತಿದ್ದದ್ದು ಓನರ್ ಇಂಜಿನನ್ನ. ಹೊಸ ಹಳದಿ ದೀಪ ಕಾಯಬೇಕಾಗಿದ್ದು ಹಿಂದೆ ನಡೆದು ಬರ್ತಿರೋರ ಶ್ವಾಸಕೋಶವನ್ನ.

1981ರಲ್ಲಿ ಜನರಲ್ ಮೋಟರ್ಸ್ ಕಂಪ್ಯೂಟರ್ ಜೊತೆಗೆ 'ಚೆಕ್ ಇಂಜಿನ್' ದೀಪವನ್ನೂ ಅಮೆರಿಕದ ತನ್ನ ಕಾರುಗಳಿಗೆ ಹಾಕಿತು. ಸ್ಟೇರಿಂಗ್ ಕೆಳಗಿನ ಎರಡು ಪಿನ್ನುಗಳಿಗೆ ಪೇಪರ್ ಕ್ಲಿಪ್ ಸಿಕ್ಕಿಸಿದರೆ ದೀಪ ಮಿಟುಕುತ್ತಿತ್ತು. ಒಂದು ಸಲ, ಆಮೇಲೆ ಎರಡು ಸಲ ಮಿಟುಕಿದರೆ ಕೋಡ್ 12. ಎಲ್‌ಇಡಿ ಮಿಟುಕಿಸಿ ಡೀಬಗ್ ಮಾಡಿದ ಎಂಬೆಡೆಡ್ ಗೆಳೆಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಇಂಥದ್ದನ್ನು ಕಡ್ಡಾಯ ಮಾಡಿತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಸಾಕೆಟ್, ಒಂದೊಂದು ಭಾಷೆ. 1996ರ ಹೊತ್ತಿಗೆ ಅಮೆರಿಕದ ಎಲ್ಲಾ ಹೊಸ ಕಾರುಗಳಿಗೂ ಒಂದೇ 16 ಪಿನ್ನಿನ ಸಾಕೆಟ್, ಒಂದೇ ಬಗೆಯ ಕೋಡು ಬಂತು. ಅದೇ ಒಬಿಡಿ-2.

ನಮ್ಮಲ್ಲಿ ಇದು ನಿಧಾನಕ್ಕೆ ಬಂತು. ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಬಂದಿದ್ದು 1995ರಲ್ಲಿ, ಸೀಸವಿಲ್ಲದ ಪೆಟ್ರೋಲ್ ಜೊತೆಗೆ. ಸೀಸ ತಾಗಿದರೆ ಆ ಜೇನುಗೂಡು ಕೆಟ್ಟುಹೋಗುತ್ತೆ. 2010ರಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ಬಂದಾಗ ಒಬಿಡಿ-1, 2013ರಿಂದ ಒಬಿಡಿ-2. ಮೊದಲನೆಯದು ವೈರು ಕಿತ್ತಿದೆಯಾ ಅಂತ ಮಾತ್ರ ನೋಡ್ತಿತ್ತು. ಎರಡನೆಯದು ಕನ್ವರ್ಟರ್ ನಿಜಕ್ಕೂ ಕೆಲಸ ಮಾಡ್ತಿದೆಯಾ ಅಂತ ಅಳೆಯುತ್ತೆ.

ಬೆಂಗಳೂರಿಗೆ ವಾಪಸ್ ಬಂದು 700 ರೂಪಾಯಿಯ ಬ್ಲೂಟೂತ್ ಡಾಂಗಲ್ ತರಿಸಿದೆ. ಕೆನಡಾದ ಕಂಪನಿಯೊಂದು ಮಾಡಿದ ಇಎಲ್‌ಎಂ 327 ಚಿಪ್ಪಿನ ನಕಲು. ಮೊದಲ ಆವೃತ್ತಿಯಲ್ಲಿ ಅವರು ಕಾಪಿ ಪ್ರೊಟೆಕ್ಷನ್ ಹಾಕಿರಲಿಲ್ಲ, ಅದಕ್ಕೇ ಈ ಅಗ್ಗದ ನಕಲುಗಳು. ಕೋಡ್ ಬಂತು: ಪಿ0420. ಕನ್ವರ್ಟರಿನ ಸಾಮರ್ಥ್ಯ ಮಿತಿಗಿಂತ ಕಮ್ಮಿ. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. 'ಕೋಡ್ ಅಳಿಸಿದ ಮೇಲೆ ಓಡಿದ ದೂರ: 571 ಕಿ.ಮೀ.' ಡೆಲಿವರಿ ತಗೊಂಡ ಮೇಲೆ ನಾನು ಓಡಿಸಿದ್ದು 558. ಟೆಸ್ಟ್ ಡ್ರೈವ್ ಸುಮಾರು 8. ಅಂದರೆ ನಾನು ಕಾರು ನೋಡಲು ಹೋಗುವ ಸ್ವಲ್ಪ ಮೊದಲೇ ಯಾರೋ ನೆನಪು ಅಳಿಸಿದ್ದರು.

ಕ್ಯಾಲಿಫೋರ್ನಿಯಾದಲ್ಲಾದರೆ ಇಂಥ ಕಾರು ಮಾರೋಕೆ ಸ್ಮಾಗ್ ಪರೀಕ್ಷೆಯ ಸರ್ಟಿಫಿಕೇಟ್ ಬೇಕು. ಕೋಡ್ ಅಳಿಸಿ ತಂದರೆ ಕಂಪ್ಯೂಟರ್ 'ಪರೀಕ್ಷೆ ಮುಗಿದಿಲ್ಲ' ಅನ್ನುತ್ತೆ, ವಾಪಸ್ ಕಳಿಸ್ತಾರೆ. ನಮ್ಮ ಪಿಯುಸಿಯವರು ಸೈಲೆನ್ಸರಿಗೆ ಕೊಳವೆ ತೂರಿಸಿ ಚೀಟಿ ಕೊಡ್ತಾರೆ, ಆ ಸಾಕೆಟ್ ಮುಟ್ಟೋದೇ ಇಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ಸರ್, ಆವತ್ತು ಹೊಸ ಬ್ಯಾಟರಿ ಹಾಕಿದ್ವಿ, ರೀಸೆಟ್ ಆಗಿರುತ್ತೆ." ಇರಬಹುದಲ್ಲ ಅಂತ ಬಾನೆಟ್ ಎತ್ತಿದೆ. ಬ್ಯಾಟರಿ ಮೇಲಿನ ಸ್ಟಿಕ್ಕರಿನಲ್ಲಿ ಎರಡು ವರ್ಷ ಹಿಂದಿನ ತಾರೀಖು. ಸ್ಕ್ರೀನ್‌ಶಾಟ್, ಸ್ಟಿಕ್ಕರ್ ಫೋಟೊ ಎರಡನ್ನೂ ಕಳಿಸಿದ ಮೇಲೆ ನಾಲ್ಕು ದಿನ ಮಾತಿಲ್ಲ. ಕೊನೆಗೆ ಅರ್ಧ ಖರ್ಚು ಕೊಡ್ತೀವಿ ಅಂದರು. ಗ್ಯಾರೇಜಿನವರು ಎಕ್ಸಾಸ್ಟ್ ಲೀಕ್, ಹಿಂದಿನ ಸೆನ್ಸರ್ ಎರಡನ್ನೂ ನೋಡಿ, ಕನ್ವರ್ಟರೇ ಹೋಗಿದೆ ಅಂತ ಬದಲಾಯಿಸಿದರು. ಆ ನಾಲ್ಕು ದಿನದಲ್ಲಿ ಮೆಕ್ಯಾನಿಕ್ಕಿನ ಹತ್ತು ನಿಮಿಷದ ಉಪಾಯ ನೆನಪಾಗಲೇ ಇಲ್ಲ ಅಂದರೆ ಸುಳ್ಳಾಗುತ್ತೆ.

ಅಪ್ಪನಿಗೆ ಫೋನಲ್ಲಿ ಎಲ್ಲಾ ಹೇಳಿದೆ, ಮೋಸ ಹೋದದ್ದನ್ನೂ. "ಅಂದ್ರೆ ಕಣ್ಣಿಗೆ ಕಾಣದ ಹೊಗೆ ಅನ್ನು," ಅಂದರು. ಆಮೇಲೆ, "ನಮ್ ಪಾಲಿಗೆ ಎಷ್ಟು ಬಿತ್ತು?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತನೇ ತಾರೀಖು ನಿಮ್ಮಮ್ಮನ್ನ ತೋರಿಸ್ಬೇಕು, ಬಾ" ಅಂದರು.