ಊರಿನ ಶಾಲೆಯೋ, ವಿಶೇಷ ಶಾಲೆಯೋ?

ಮಗುವಿಗೆ ಆರು ವರ್ಷ ತುಂಬಿತೆಂದರೆ ಶಾಲೆಯ ಯೋಚನೆ ಎಲ್ಲ ಮನೆಗಳಲ್ಲಿಯೂ ಉಂಟು. ಕರೆದರೆ ತಿರುಗದ, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ, ದಿನಚರಿ ಕೊಂಚ ಬದಲಾದರೂ ಕಂಗೆಡುವ ಮಗುವಿನ ತಾಯಿತಂದೆಗಳಿಗಾದರೋ ಇನ್ನೊಂದು ಪ್ರಶ್ನೆಯೂ ಇದೆ: ಊರಿನ ಶಾಲೆಯೋ, ವಿಶೇಷ ಶಾಲೆಯೋ? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ 1901ರಲ್ಲಿಯೇ ಶಾಲೆ ಏರ್ಪಟ್ಟಿತು. ಆದರೆ ಕಿವಿಯಿದ್ದೂ ಓಗೊಡದ, ಕಣ್ಣಿದ್ದೂ ಎದುರಿನವರ ಮುಖ ನೋಡದ ಮಗು ಅಲ್ಲಿಗೂ ಸೇರಿದ್ದಲ್ಲ. ಅಂಥ 11 ಮಕ್ಕಳ ವೃತ್ತಾಂತವನ್ನು ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು ಪ್ರಕಟಿಸಿದ್ದು 1943ರಲ್ಲಿ. ಆ ಸ್ಥಿತಿಯನ್ನೇ ಈಗ ನಾವು ಸ್ವಲೀನತೆ, ಆಟಿಸಂ ಎನ್ನುತ್ತೇವೆ.

ಅಂಗವಿಕಲ ಮಕ್ಕಳನ್ನು ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಗಳಲ್ಲಿಯೇ ಓದಿಸಬೇಕೆಂದು 1964–66ರ ಕೊಠಾರಿ ಆಯೋಗವು ಸೂಚಿಸಿತು. 1974ರಲ್ಲಿ ಅದಕ್ಕೊಂದು ಕೇಂದ್ರ ಯೋಜನೆಯೂ ಬಂದಿತು. ಆದರೂ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆ ಅದನ್ನು ಹೆಸರಿಸಿತು. 2016ರ ಕಾಯಿದೆಯಂತೂ, ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕನ್ನು ಕೊಟ್ಟು, ಆಯ್ಕೆಯನ್ನು ಮಗುವಿಗೇ ಬಿಟ್ಟಿತು.

ಇನ್ನು ಪಾವಗಡದತ್ತ ನೋಡಿ. ಮಧುಗಿರಿ, ಶಿರಾ, ಕೊರಟಗೆರೆಗಳೊಡನೆ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ತಾಲ್ಲೂಕಿನ ಸುತ್ತ ಬಹುಭಾಗ ಆಂಧ್ರದ ನೆಲ. ಜಿಲ್ಲೆಯ ಕೇಂದ್ರವಾದ ತುಮಕೂರು ಸುಮಾರು 100 ಕಿಲೋಮೀಟರು ದೂರ. ದೂರದ ಪಟ್ಟಣದ ವಿಶೇಷ ಶಾಲೆಯೆಂದರೆ ಇಲ್ಲಿನವರಿಗೆ ಒಂದೋ ಮಗುವನ್ನು ಅಗಲಬೇಕು, ಇಲ್ಲವೆ ಮನೆಯನ್ನೇ ಎತ್ತಿಕೊಂಡು ಹೋಗಬೇಕು. ಕಾಯಿದೆಯ ಆಯ್ಕೆಯನ್ನು ದಾರಿಯ ದೂರವೇ ಕಿತ್ತುಕೊಳ್ಳುವುದು ಹೀಗೆ.

ಜೊತೆಗೆ ಭಾಷೆಯ ಮಾತಿದೆ. ಇಲ್ಲಿ ಅನೇಕ ಮನೆಗಳ ನುಡಿ ತೆಲುಗು, ಶಾಲೆಯದು ಕನ್ನಡ. ಎರಡು ನುಡಿ ಕೇಳಿ ಬೆಳೆದರೆ ಸ್ವಲೀನ ಮಕ್ಕಳಿಗೆ ಕೇಡಾಗದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಆದುದರಿಂದ ಮನೆಮಾತನ್ನು ಬಿಡಬೇಕಾಗಿಲ್ಲ.

ಹಾಗಾದರೆ ಯಾವುದು ಮೇಲು? ವಿಶೇಷ ಶಾಲೆಯಲ್ಲಿ ಮಕ್ಕಳು ಕಡಮೆ, ಶಿಕ್ಷಕರು ತರಬೇತಾದವರು. ಮಾತು ಬಾರದ, ತನ್ನ ಕೆಲಸವನ್ನು ತಾನು ಮಾಡಿಕೊಳ್ಳಲಾರದ ಮಗುವಿಗೆ ಅದು ದೊಡ್ಡ ಆಸರೆ. ಊರಿನ ಶಾಲೆಯಲ್ಲಿ ಓರಗೆಯ ಮಕ್ಕಳ ಒಡನಾಟವಿದೆ, ಸಂಜೆಗೆ ತಾಯಿಯ ಮಡಿಲಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ಮೂಲೆಯಲ್ಲಿ ಕುಳಿತಿದ್ದರೆ ಅದನ್ನು ಕಲಿಕೆಯೆನ್ನಲಾಗದು.

ತಾವು ಕೇಳಬೇಕಾದ ಪ್ರಶ್ನೆಗಳಿವು: ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಗದ್ದಲ ಹೆಚ್ಚಾದಾಗ ಮಗು ಕೂರಲು ಶಾಂತವಾದ ಜಾಗವಿದೆಯೆ? ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ವಿಶೇಷ ಮಕ್ಕಳ ಶಿಕ್ಷಕರು ಎಷ್ಟು ಸಲ ಬರುವರು? ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸಿನಲ್ಲೋ ಮಗುವನ್ನು ತೋರಿಸಿ ಬಂದಿದ್ದರೆ, ಅಲ್ಲಿನವರ ಸಲಹೆಯನ್ನು ತರಗತಿಯ ಉಪಾಧ್ಯಾಯರು ಓದಿರುವರೆ?

ಇಂದಿನ ಆಯ್ಕೆ ಎಂದೆಂದಿಗೂ ಅಲ್ಲ. ಮಗು ಬೆಳೆದಂತೆ ಶಾಲೆಯನ್ನು ಬದಲಿಸಬಹುದು. ಬಾಗಿಲು ಯಾವುದಾದರೂ ಆಗಲಿ, ಒಳಗೆ ಮಗುವಿಗಾಗಿ ಕಾದಿರುವವರೊಬ್ಬರು ಇರಬೇಕು. ಅವರನ್ನು ಪಾವಗಡದಂಥ ಊರಿಗೂ ಒದಗಿಸಿದಾಗಲೇ ಕಾಯಿದೆಯ ಮಾತು ನಿಜವಾದೀತು.