ಚಾಮುಂಡಿ ಬೆಟ್ಟದ ಸೈಕಲ್ ಮಾರ್ಗಗಳು

ಚಾಮುಂಡಿ ಬೆಟ್ಟದ ಸೈಕಲ್ ಮಾರ್ಗಗಳು ಮೈಸೂರು ನಗರದ ಆಗ್ನೇಯ ಅಂಚಿನಲ್ಲಿರುವ ಚಾಮುಂಡಿ ಬೆಟ್ಟಕ್ಕೆ ಏರುವ ಡಾಂಬರು ರಸ್ತೆಗಳನ್ನೂ ಬೆಟ್ಟದ ಬುಡದ ಗ್ರಾಮಗಳ ಮಣ್ಣಿನ ದಾರಿಗಳನ್ನೂ ಒಳಗೊಂಡಿವೆ. ಬೆಟ್ಟದ ಶಿಖರವು ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದ್ದು, ನಗರದಿಂದ ಹೊರಟ ಸವಾರರು ಸುಮಾರು 300 ಮೀಟರ್ ಏರಬೇಕಾಗುತ್ತದೆ. ಬೆಟ್ಟದ ಇಳಿಜಾರುಗಳು ಮೀಸಲು ಅರಣ್ಯವಾಗಿರುವುದರಿಂದ, ಸವಾರಿಗೆ ಮುಕ್ತವಾದ ದಾರಿಗೂ ನಿಷಿದ್ಧವಾದ ದಾರಿಗೂ ನಡುವಿನ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ.

ಹಿನ್ನೆಲೆ

ಜಲ್ಲಿ ಮತ್ತು ಮಣ್ಣಿನ ರಸ್ತೆಗಳಲ್ಲಿ ದೂರದ ಸವಾರಿಗೆಂದು ರೂಪಿಸಿದ ಸೈಕಲನ್ನು ಗ್ರಾವೆಲ್ ಬೈಕ್ ಎನ್ನುತ್ತಾರೆ. ರೇಸ್ ಸೈಕಲ್ಲಿನಂತೆ ಇದರ ಹಿಡಿಕೆ ಕೆಳಕ್ಕೆ ಬಾಗಿರುತ್ತದೆ. ಟೈರುಗಳು ಮಾತ್ರ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲವಿರುತ್ತವೆ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 2006ರಲ್ಲಿ ಆರಂಭವಾದ ದೀರ್ಘ ದೂರದ ಸ್ಪರ್ಧೆಯು ಈ ಪ್ರಕಾರವನ್ನು ಜನಪ್ರಿಯಗೊಳಿಸಿದವುಗಳಲ್ಲಿ ಒಂದು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ನಡೆಯಿತು.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಹಂಚಿಕೆ ಯೋಜನೆ ಆರಂಭವಾಯಿತು. ಅದರ ಸೈಕಲ್ಲುಗಳು ನಗರದೊಳಗಿನ ಓಡಾಟಕ್ಕೆ ಉದ್ದೇಶಿಸಿದವು.

ಭೂಸ್ವರೂಪ ಮತ್ತು ಅರಣ್ಯ

ಬೆಟ್ಟವು ಮುಖ್ಯವಾಗಿ ಸುಮಾರು 80 ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಶಿಲೆಯಿಂದ ರಚಿತವಾಗಿದೆ. ಇಳಿಜಾರುಗಳಲ್ಲಿ ಬಂಡೆಯ ಮೇಲೆ ತೆಳುವಾದ ಮಣ್ಣಿನ ಪದರವಿದ್ದು, ಕುರುಚಲು ಕಾಡು ಅದನ್ನು ಹಿಡಿದಿಟ್ಟಿದೆ. ಕಾಡಿನಲ್ಲಿ ಚಿರತೆಗಳಿವೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ತಗಲುವುದುಂಟು.

ಮಣ್ಣು ತೆಳುವಾಗಿರುವುದರಿಂದ ಹೊಸದಾಗಿ ಮೂಡಿದ ಜಾಡು ಬೇಗನೆ ನೀರು ಹರಿಯುವ ಕೊರಕಲಾಗುತ್ತದೆ. ಚಕ್ರಗಳ ಒತ್ತಡದಿಂದ ಹುಲ್ಲಿನ ಬೇರು ಸಡಿಲಗೊಂಡರೆ, ಮುಂದಿನ ಮಳೆಯ ನೀರು ಅದೇ ಗೆರೆಯಲ್ಲಿ ಹರಿದು ಮಣ್ಣನ್ನು ಕೊಚ್ಚಿ ಒಯ್ಯುತ್ತದೆ. 2021ರ ಅಕ್ಟೋಬರ್‌ನ ಭಾರಿ ಮಳೆಯಲ್ಲಿ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯ ಅಂಚು ಕುಸಿದು ಸಂಚಾರವನ್ನು ನಿಲ್ಲಿಸಬೇಕಾಯಿತು. ಬೆಟ್ಟಕ್ಕೆ ರೋಪ್‌ವೇ ನಿರ್ಮಿಸುವ ಪ್ರಸ್ತಾವವನ್ನು ನಾಗರಿಕರ ವಿರೋಧದ ನಂತರ 2022ರಲ್ಲಿ ಕೈಬಿಡಲಾಯಿತು.

ಏರುವ ರಸ್ತೆಗಳು

ನಗರ ಕೇಂದ್ರದ ಲಷ್ಕರ್ ಮೊಹಲ್ಲಾ ಸವಾರಿಗೆ ಅನುಕೂಲಕರವಾದ ಆರಂಭ ಸ್ಥಳಗಳಲ್ಲಿ ಒಂದು. 'ಲಷ್ಕರ್' ಎಂಬುದು ಸೈನ್ಯ ಎಂಬ ಅರ್ಥದ ಪಾರಸಿ ಮೂಲದ ಪದ. ಇಲ್ಲಿಂದ ಬೆಂಗಳೂರು–ನೀಲಗಿರಿ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿ ಹಾರ್ಡಿಂಜ್ ವೃತ್ತ ತಲುಪಿದರೆ ದಾರಿಗಳು ಕವಲೊಡೆಯುತ್ತವೆ.

ಲಲಿತಮಹಲ್ ಕಡೆಯ ರಸ್ತೆ: ವೃತ್ತದಿಂದ ಪೂರ್ವಕ್ಕೆ ತಿರುಗಿ ಲಲಿತಮಹಲ್ ಅರಮನೆಯ ದಿಕ್ಕಿನಲ್ಲಿ ಸಾಗುವ ಇದು ಬೆಟ್ಟಕ್ಕೆ ಹೋಗುವ ಪ್ರಮುಖ ರಸ್ತೆ. ಬಸ್ಸುಗಳ ಓಡಾಟ ಹೆಚ್ಚಿರುವುದರಿಂದ ಮುಂಜಾನೆಯ ಸವಾರಿ ಅನುಕೂಲಕರ.

ನಂದಿ ರಸ್ತೆ: ನಂಜನಗೂಡು ರಸ್ತೆಯ ಕಡೆಯಿಂದ ಏರುವ ಈ ದಾರಿ ಏಕಶಿಲಾ ನಂದಿಯ ಬಳಿಗೆ ಒಯ್ಯುತ್ತದೆ. ನಂದಿಯನ್ನೂ ಬೆಟ್ಟದ ಸಾವಿರ ಮೆಟ್ಟಿಲುಗಳನ್ನೂ 17ನೇ ಶತಮಾನದ ದೊರೆ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ನಿರ್ಮಿಸಲಾಯಿತು. ಮೆಟ್ಟಿಲುಗಳು ಪಾದಚಾರಿ ಭಕ್ತರಿಗಷ್ಟೇ ಮೀಸಲಾಗಿದ್ದು, ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಏರುತ್ತಾರೆ.

ಉತ್ತನಹಳ್ಳಿ ರಸ್ತೆ: ಬೆಟ್ಟದ ಹಿಂಬದಿಯ ಈ ಗ್ರಾಮದಲ್ಲಿ ಜ್ವಾಲಾಮುಖಿ ತ್ರಿಪುರಸುಂದರಿ ದೇವಾಲಯವಿದೆ. ಈ ದೇವಿಯನ್ನು ಚಾಮುಂಡೇಶ್ವರಿಯ ಸಹೋದರಿ ಎಂದು ಭಾವಿಸಲಾಗುತ್ತದೆ.

ಆಷಾಢ ಮಾಸದ ಶುಕ್ರವಾರಗಳಂದು ಭಕ್ತರ ದಟ್ಟಣೆಯಿಂದಾಗಿ ಬೆಟ್ಟಕ್ಕೆ ಖಾಸಗಿ ವಾಹನಗಳ ಪ್ರವೇಶವನ್ನು ನಿರ್ಬಂಧಿಸಿ, ಲಲಿತಮಹಲ್ ಬಳಿಯ ಮೈದಾನದಿಂದ ಬಸ್ಸುಗಳನ್ನು ಓಡಿಸಲಾಗುತ್ತದೆ. ಆ ದಿನಗಳು ಸೈಕಲ್ ಸವಾರಿಗೆ ತಕ್ಕವಲ್ಲ.

ಮಣ್ಣಿನ ದಾರಿಗಳು

ಕಾಡಿನೊಳಗೆ ಕಾಣುವ ಜಾಡುಗಳು ಸೈಕಲ್ ಮಾರ್ಗಗಳಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ ಅಪರಾಧವಾಗುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸವಾರಿ ಮಾಡುವಂತಿಲ್ಲ.

ಗ್ರಾವೆಲ್ ಸವಾರಿಗೆ ಒಗ್ಗುವ ನೆಲ ಅರಣ್ಯದ ಗಡಿಯಾಚೆ ಸಿಗುತ್ತದೆ. ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ ಮತ್ತು ಕಾಲುದಾರಿಗಳನ್ನು ಪ್ರತ್ಯೇಕವಾಗಿ ಗುರುತಿಸಲಾಗಿರುತ್ತದೆ. ಎತ್ತಿನಗಾಡಿಗಳಿಗಾಗಿ ಬಿಟ್ಟ ಬಂಡಿದಾರಿಗಳು ಸಾರ್ವಜನಿಕ ಓಡಾಟದವು. ಹೊಲದ ಬದುಗಳು ರೈತರ ಸ್ವತ್ತು. ಉತ್ತನಹಳ್ಳಿ ಮತ್ತು ವರುಣ ಗ್ರಾಮಗಳ ಆಸುಪಾಸಿನಲ್ಲಿ ಕೆಂಪು ಮಣ್ಣಿನ ಹೊಲಗಳ ನಡುವೆ ಇಂತಹ ದಾರಿಗಳಿವೆ. ನಗರ ಬೆಳೆದಂತೆಲ್ಲ ಇವುಗಳಲ್ಲಿ ಹಲವು ಡಾಂಬರು ಕಾಣುತ್ತಿವೆ ಅಥವಾ ಬಡಾವಣೆಗಳೊಳಗೆ ಸೇರಿಹೋಗುತ್ತಿವೆ.

ಹೆಚ್ಚು ದೂರದ ಸವಾರಿಗೆ ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನಾಲೆ ಏರಿಗಳಿವೆ. ಕೃಷ್ಣರಾಜ ಸಾಗರದ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿತ್ತು. ಲಷ್ಕರ್ ಮೊಹಲ್ಲಾ ಸಮೀಪದ ಇರ್ವಿನ್ ರಸ್ತೆಗೂ ಅದೇ ವೈಸ್‌ರಾಯ್‌ನ ಹೆಸರಿದೆ. ನಾಲೆ ಏರಿಗಳು ಸಮತಟ್ಟಾಗಿದ್ದರೂ ಅನೇಕ ಕಡೆ ತಡೆಗೋಡೆಗಳಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ಮೃತಪಟ್ಟರು. ನೀರಿನ ಸೆಳೆತ ಜೋರಾಗಿರುವುದರಿಂದ ಕತ್ತಲಲ್ಲಿ ಈ ದಾರಿಗಳನ್ನು ಬಳಸುವುದು ಅಪಾಯಕಾರಿ.

ಋತುಮಾನ ಮತ್ತು ಸುರಕ್ಷತೆ

ಮಳೆಗಾಲ ಮುಗಿದು ನೆಲ ಗಟ್ಟಿಯಾಗುವ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಮಣ್ಣಿನ ದಾರಿಗಳಿಗೆ ಸೂಕ್ತವಾದುದು. ಒದ್ದೆಯಾದ ಮಣ್ಣು ಚಕ್ರ ಮತ್ತು ಬ್ರೇಕುಗಳಿಗೆ ಮೆತ್ತಿಕೊಳ್ಳುತ್ತದೆ. ಹಸಿ ನೆಲದಲ್ಲಿ ಮೂಡಿದ ಚಕ್ರದ ಗುರುತು ಒಣಗಿದ ಮೇಲೂ ಉಳಿದು ಗಾಡಿಗಳಿಗೆ ಅಡ್ಡಿಯಾಗುತ್ತದೆ. ಬೇಸಿಗೆಯಲ್ಲಿ ಜಾಲಿ ಮುಳ್ಳಿನಿಂದ ಪಂಕ್ಚರ್ ಸಾಮಾನ್ಯವಾದುದರಿಂದ ಟೈರಿನೊಳಗೆ ರಂಧ್ರ ಮುಚ್ಚುವ ದ್ರವ ಹಾಕಿಕೊಳ್ಳುವುದು ಉಪಯುಕ್ತ.

ಬೆಟ್ಟದಿಂದ ಇಳಿಯುವಾಗ ತಿರುವುಗಳಲ್ಲಿ ಎದುರಿನ ವಾಹನಗಳು ಕಾಣದಿರುವುದೂ ಮಂಗಗಳು ರಸ್ತೆಗೆ ಜಿಗಿಯುವುದೂ ಉಂಟು. ಮುಸ್ಸಂಜೆ ಮತ್ತು ನಸುಕಿನಲ್ಲಿ ಚಿರತೆಗಳ ಸಂಚಾರವಿರುವುದರಿಂದ ಕಾಡಿನ ಅಂಚಿನಲ್ಲಿ ಒಂಟಿಯಾಗಿ ಸವಾರಿ ಮಾಡದಿರುವುದು ಕ್ಷೇಮ. ಹೊಲಗಳ ನಡುವಿನ ದಾರಿಯಲ್ಲಿ ಜಾನುವಾರುಗಳಿಗೂ ಕಬ್ಬಿನ ಗಾಡಿಗಳಿಗೂ ಮೊದಲ ಅವಕಾಶ ಕೊಡುವುದು ರೂಢಿ.