20 ಗ್ರಾಂ ಮಣಿಗೆ ಎಷ್ಟು ಅಂಚೆ? ಸಣ್ಣ ಪಾರ್ಸೆಲ್‌ನ ದೊಡ್ಡ ಇತಿಹಾಸ

ಇವತ್ತಿನ ಕಂತು ಮುಖ್ಯವಾಗಿ ಇನ್‌ಸ್ಟಾಗ್ರಾಂನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಒಂದು ಪುಟ್ಟ ಅಂಗಡಿ ನಡೆಸ್ತಿರೋರಿಗೆ. ರೇಷ್ಮೆ ದಾರ, ಮಣಿ, ಗುಂಡಿ, ಕಸೂತಿ ಸೂಜಿ, ಜುಮುಕಿಗೆ ಬೇಕಾಗೋ ಕೊಕ್ಕೆ – ಇಂಥವನ್ನ ಮಾರೋರಿಗೆ. ಅವರಿಂದ ಕೊಳ್ಳೋರಿಗೂ ಹೌದು.

ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರೋ ಒಂದು ಪ್ರಶ್ನೆ ಇದೆ. 60 ರೂಪಾಯಿ ಮಣಿಗೆ 80 ರೂಪಾಯಿ ಶಿಪ್ಪಿಂಗಾ? ಗಿರಾಕಿ ಕೇಳೋದು ತಪ್ಪಲ್ಲ. ಮಾರೋರು ಏನೂ ಲಾಭ ಹೊಡೀತಿಲ್ಲ. ಹಾಗಾದ್ರೆ ಈ 80 ರೂಪಾಯಿ ಎಲ್ಲಿಂದ ಬಂತು? ಉತ್ತರ ಹುಡುಕ್ತಾ ಹೋದ್ರೆ ಸುಮಾರು 200 ವರ್ಷ ಹಿಂದಕ್ಕೆ ಹೋಗ್ಬೇಕು. ಅಂಚೆಯವರು ಒಂದು ಪೊಟ್ಟಣ ಕೈಗೆತ್ತಿಕೊಂಡಾಗಲೆಲ್ಲ ಮೂರೇ ಪ್ರಶ್ನೆ ಕೇಳ್ತಾ ಬಂದಿದ್ದಾರೆ: ಎಷ್ಟು ದೂರ? ಒಳಗೇನಿದೆ? ದುಡ್ಡು ಯಾರು, ಯಾವಾಗ ಕೊಡ್ತಾರೆ? ಒಂದೊಂದಾಗಿ ನೋಡೋಣ.

ಎಷ್ಟು ದೂರ?

ನಮ್ಮ ಮೈಸೂರು ಸೀಮೆಯಲ್ಲಿ ಅಂಚೆ ಅನ್ನೋದು ಬ್ರಿಟಿಷರು ತಂದ ಹೊಸ ವಿಷಯ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಮೈಸೂರು ಅಂಚೆ ಶುರುವಾಯಿತು. ಓಟಗಾರರು ಕಾಗದ ಹೊತ್ತು ಓಡುತ್ತಿದ್ದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯ ಜೊತೆ ವಿಲೀನವಾಯಿತು.

ಮನುಷ್ಯನ ಕಾಲಿನ ಮೇಲೆ ನಡೆಯೋ ವ್ಯವಸ್ಥೆಯಲ್ಲಿ ದೂರ ಜಾಸ್ತಿಯಾದಷ್ಟೂ ದರ ಜಾಸ್ತಿ ಅನ್ನೋದು ಸಹಜ ಅನ್ನಿಸುತ್ತೆ. ಈಸ್ಟ್ ಇಂಡಿಯಾ ಕಂಪನಿಯ ಅಂಚೆಯಲ್ಲೂ ಲೆಕ್ಕ ಹಾಗೇ ಇತ್ತು. ಕಲ್ಕತ್ತದಿಂದ ಆಗ್ರಾಕ್ಕೆ ಒಂದು ತೊಲ ತೂಕದ ಕಾಗದ ಕಳಿಸೋಕೆ 12 ಆಣೆ, ಬೊಂಬಾಯಿಗೆ ಒಂದು ರೂಪಾಯಿ. ತೊಲ ಅಂದ್ರೆ ಸುಮಾರು 11.66 ಗ್ರಾಂ, ನಮ್ಮ ಮಣಿ ಪೊಟ್ಟಣದ ಸರಿಸುಮಾರು ಅರ್ಧ. ಆ ಕಾಲದ ಒಂದು ರೂಪಾಯಿ ಬಡವರ ಕೈಗೆ ಸುಲಭಕ್ಕೆ ಬರೋ ದುಡ್ಡಲ್ಲ.

ಈ ಲೆಕ್ಕವನ್ನ ತಲೆಕೆಳಗು ಮಾಡಿದ್ದು ಇಂಗ್ಲೆಂಡಿನ ರೋಲೆಂಡ್ ಹಿಲ್ ಅನ್ನೋ ಮಾಜಿ ಶಾಲಾಮಾಸ್ತರು. 1837ರಲ್ಲಿ ಅವರು ಒಂದು ಕಿರುಹೊತ್ತಿಗೆ ಬರೆದರು. ಲಂಡನ್‌ನಿಂದ ಎಡಿನ್‌ಬರೋಗೆ ಸುಮಾರು 400 ಮೈಲಿ. ಒಂದು ಕಾಗದಕ್ಕೆ ಜನ ಕೊಡ್ತಿದ್ದದ್ದು ಒಂದು ಶಿಲ್ಲಿಂಗ್‌ಗಿಂತ ಜಾಸ್ತಿ. ಆದರೆ ಆ ಕಾಗದವನ್ನ ಅಷ್ಟು ದೂರ ಸಾಗಿಸೋಕೆ ಆಗೋ ನಿಜವಾದ ಖರ್ಚು ಒಂದು ಪೆನ್ನಿಯ 36ನೇ ಒಂದು ಭಾಗ ಮಾತ್ರ! ಉಳಿದದ್ದೆಲ್ಲ ಸರ್ಕಾರದ ತೆರಿಗೆ ಮತ್ತು ಕೈಗೆಲಸದ ಖರ್ಚು: ದೂರ ಅಳೆಯೋದು, ಲೆಕ್ಕ ಬರೆಯೋದು, ಮನೆ ಬಾಗಿಲಲ್ಲಿ ನಿಂತು ವಸೂಲಿ ಮಾಡೋದು. ಆಗೆಲ್ಲ ಸಾಮಾನ್ಯವಾಗಿ ದುಡ್ಡು ಕೊಡ್ತಿದ್ದದ್ದು ಕಾಗದ ತಗೊಳ್ಳೋರು. ಹಿಲ್ ಹೇಳಿದ್ದು ಇಷ್ಟೇ. ಎಲ್ಲ ದೂರಕ್ಕೂ ಒಂದೇ ದರ ಇಡಿ, ದುಡ್ಡು ಮೊದಲೇ ತಗೊಳ್ಳಿ. 1840ರಲ್ಲಿ ಒಂದು ಪೆನ್ನಿ ದರ, ಅಂಟಿಸೋ ಸ್ಟ್ಯಾಂಪು ಎರಡೂ ಬಂದವು.

ಭಾರತಕ್ಕೆ ಅದು ಬಂದದ್ದು 1854ರಲ್ಲಿ. ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ, ಒಂದು ತೊಲಕ್ಕೆ ಎರಡು ಆಣೆ, ದೇಶದೊಳಗೆ ಎಲ್ಲಿಗಾದರೂ ಸರಿ. ರೂಪಾಯಿಗೆ 16 ಆಣೆ ಅಂದ್ಮೇಲೆ ಕಲ್ಕತ್ತ–ಬೊಂಬಾಯಿ ದರ ಒಂದೇ ಏಟಿಗೆ ಎಂಟನೇ ಒಂದು ಭಾಗಕ್ಕೆ ಇಳಿಯಿತು.

ಆದರೆ ಈ ಉಪಕಾರ ಸಿಕ್ಕಿದ್ದು ಕಾಗದಕ್ಕೆ. ಗಂಟುಮೂಟೆಯ ದಾರಿಯೇ ಬೇರೆ ಇತ್ತು. ಅದಕ್ಕೆ ಬಾಂಗಿ ಡಾಕ್ ಅಂತ ಹೆಸರು. ಹೆಗಲ ಮೇಲೆ ಬಿದಿರಿನ ಕೋಲು, ಎರಡೂ ತುದಿಗೆ ತೂಗುವ ಹೊರೆ. ಕಾಗದದ ದರ ಒಂದಾದ ಮೇಲೂ ಬಾಂಗಿಗೆ ದೂರದ ಲೆಕ್ಕ ಉಳಿದೇ ಇತ್ತು.

ಈಗಿನ ದರಪಟ್ಟಿಯಲ್ಲೂ ಅದರ ಗುರುತು ಕಾಣುತ್ತೆ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸ್ಪೀಡ್ ಪೋಸ್ಟ್ ದರದಲ್ಲಿ 50 ಗ್ರಾಂ ಒಳಗಿನ ಕಾಗದಪತ್ರಕ್ಕೆ ಅದೇ ಊರಿನೊಳಗೆ 19 ರೂಪಾಯಿ, ಉಳಿದಂತೆ ದೇಶದ ಯಾವ ಮೂಲೆಗಾದರೂ 47 ರೂಪಾಯಿ. ತೆರಿಗೆ ಬೇರೆ. 50 ಗ್ರಾಂ ದಾಟಿತೋ, ಕಿಲೋಮೀಟರ್ ಲೆಕ್ಕ ಶುರು. ಅಂದ್ರೆ ಹಿಲ್ ಸಾಹೇಬರು ಇನ್ನೂ ಬದುಕಿದ್ದಾರೆ, ಆದರೆ 50 ಗ್ರಾಂ ಒಳಗೆ ಮಾತ್ರ.

ಒಳಗೇನಿದೆ?

ಎರಡನೇ ಪ್ರಶ್ನೆ ಇನ್ನೂ ಮಜವಾಗಿದೆ. ಅಂಚೆಗೆ ತೂಕ ಒಂದೇ ಮುಖ್ಯ ಅಲ್ಲ, ಜಾತಿಯೂ ಮುಖ್ಯ. 1898ರ ಇಂಡಿಯನ್ ಪೋಸ್ಟ್ ಆಫೀಸ್ ಕಾಯ್ದೆ ತೆಗೆದು ನೋಡಿದ್ರೆ ಕಾಗದ, ಪೋಸ್ಟ್ ಕಾರ್ಡು, ಪತ್ರಿಕೆ, ಜೊತೆಗೆ ಪುಸ್ತಕ ಮತ್ತು ಮಾದರಿಗಳ ಪೊಟ್ಟಣ ಅಂತ ಬೇರೆ ಬೇರೆ ವರ್ಗ. ಮಾದರಿ ಅಂದ್ರೆ ಸ್ಯಾಂಪಲ್. ಬಟ್ಟೆ ವ್ಯಾಪಾರಿ ಬೇರೆ ಊರಿನ ಅಂಗಡಿಗೆ ಒಂದಿಷ್ಟು ತುಂಡು ಬಟ್ಟೆ, ನಾಲ್ಕೆಳೆ ದಾರ ಕಳಿಸಿ ‘ಬಣ್ಣ ನೋಡಿ ಆರ್ಡರ್ ಕೊಡಿ’ ಅಂತಿದ್ದ. ವ್ಯಾಪಾರ ಬೆಳೀಲಿ ಅಂತ ಅದಕ್ಕೆ ಅಗ್ಗದ ದರ. ಆದರೆ ಷರತ್ತು ಇತ್ತು. ಅದು ನಿಜವಾಗಿ ಮಾದರಿಯೇ ಆಗಿರಬೇಕು, ಮಾರುವ ಸರಕು ಆಗಿರಬಾರದು.

ಯೋಚನೆ ಮಾಡಿ. ಹತ್ತು ಮಣಿ ಸ್ಯಾಂಪಲ್ ಅಂತ ಹೋದ್ರೆ ಅಗ್ಗ. ಅದೇ ಹತ್ತು ಮಣಿ ಮಾರಾಟಕ್ಕೆ ಹೋದ್ರೆ ಪಾರ್ಸೆಲ್. ತೂಕ ಒಂದೇ, ಚೀಲ ಒಂದೇ, ಪೋಸ್ಟ್‌ಮನ್ ಒಬ್ಬರೇ. ಕೈಕಸುಬಿನ ಸಣ್ಣ ಸಾಮಾನು ಯಾವತ್ತೂ ಸಿಕ್ಕಿಬೀಳೋದು ಈ ಗೆರೆಯ ಮೇಲೇನೇ. ಕಾಗದದಷ್ಟು ಹಗುರ, ಆದರೆ ಕಾಗದ ಅಲ್ಲ.

ವರ್ಗ ಒಂದು ಅಳಿಸಿಹೋದ್ರೆ ಏನಾಗುತ್ತೆ ಅನ್ನೋದನ್ನ ನಾವೇ ಇತ್ತೀಚೆಗೆ ಕಂಡಿದ್ದೀವಿ. 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ನಿಂತಾಗ ಮೊದಲು ಪೆಟ್ಟು ತಿಂದದ್ದು ಸಣ್ಣ ಪ್ರಕಾಶಕರು. 2025ರ ಮೇ 1ರಿಂದ ಶೈಕ್ಷಣಿಕ ಪುಸ್ತಕಗಳಿಗೆ ‘ಜ್ಞಾನ ಪೋಸ್ಟ್’ ಬಂತು, 300 ಗ್ರಾಂವರೆಗೆ 20 ರೂಪಾಯಿ. 2025ರಲ್ಲೇ ರಿಜಿಸ್ಟರ್ಡ್ ಪೋಸ್ಟ್ ಅನ್ನೋದೇ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಯಿತು. ಪುಸ್ತಕಕ್ಕೆ ಹೊಸ ಮನೆ ಸಿಕ್ತು. ಮಣಿಗೆ, ಗುಂಡಿಗೆ, ದಾರಕ್ಕೆ ಅಂಥ ಮನೆ ಸಿಕ್ಕಿಲ್ಲ.

ಖಾಸಗಿ ಕೊರಿಯರ್‌ನವರು ಇನ್ನೊಂದು ಪ್ರಶ್ನೆ ಸೇರಿಸಿದ್ರು: ಎಷ್ಟು ಜಾಗ ಹಿಡಿಯುತ್ತೆ? ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದ್ರೆ ಬರೋ ಕಿಲೋ ಲೆಕ್ಕವೇ ವಾಲ್ಯೂಮೆಟ್ರಿಕ್ ತೂಕ. 20, 15, 10 ಸೆಂಟಿಮೀಟರ್‌ನ ಡಬ್ಬದಲ್ಲಿ 100 ಗ್ರಾಂ ಮಣಿ ಇಟ್ಟರೂ ಬಿಲ್ ಆಗೋದು 600 ಗ್ರಾಂಗೆ. ಅದೇ ಮಣಿಯನ್ನ 2 ಸೆಂಟಿಮೀಟರ್ ದಪ್ಪದ ಪೊಟ್ಟಣದಲ್ಲಿ ಹರಡಿದ್ರೆ 120 ಗ್ರಾಂ. ಸಾಮಾನ್ಯವಾಗಿ ಕೊರಿಯರ್‌ನ ಮೊದಲ ಮೆಟ್ಟಿಲು ಅರ್ಧ ಕಿಲೋ. ಅಂದ್ರೆ ನೀವು 20 ಗ್ರಾಂ ಕಳಿಸಿ 480 ಗ್ರಾಂ ಗಾಳಿಗೂ ದುಡ್ಡು ಕೊಡ್ತೀರಿ.

ದುಡ್ಡು ಯಾರು, ಯಾವಾಗ ಕೊಡ್ತಾರೆ?

ಕ್ಯಾಶ್ ಆನ್ ಡೆಲಿವರಿ ಇ-ಕಾಮರ್ಸ್ ಕಂಪನಿಗಳು ಕಂಡುಹಿಡಿದದ್ದು ಅಂದ್ಕೊಂಡಿದ್ರಾ? ಇಲ್ಲ. 1877ರಲ್ಲೇ ನಮ್ಮ ಅಂಚೆ ಇಲಾಖೆ ವ್ಯಾಲ್ಯೂ ಪೇಯಬಲ್ ಪೋಸ್ಟ್ ಶುರು ಮಾಡಿತ್ತು. ನಿಮ್ಮ ಮನೆಯ ಅಜ್ಜ ಅಜ್ಜಿಗೆ ‘ವಿ.ಪಿ.’ ಅಂದ್ರೆ ತಕ್ಷಣ ಗೊತ್ತಾಗುತ್ತೆ. ಪೋಸ್ಟ್‌ಮನ್ ಪೊಟ್ಟಣ ತರ್ತಾನೆ, ನೀವು ಬಾಗಿಲಲ್ಲೇ ದುಡ್ಡು ಕೊಡ್ತೀರಿ, ಅಂಚೆಯೇ ಅದನ್ನ ಮಾರಿದವನಿಗೆ ಮುಟ್ಟಿಸುತ್ತೆ. 1880ರಿಂದ ಮನಿ ಆರ್ಡರ್ ಕೆಲಸವೂ ಅಂಚೆಯ ಕೈಗೆ ಬಂದಿತ್ತು. ಮುಖ ನೋಡದ ಇಬ್ಬರ ನಡುವೆ ನಂಬಿಕೆ ಕಟ್ಟಿಕೊಟ್ಟದ್ದು ಇದು. ಪೇಟೆಯೇ ಇಲ್ಲದ ಹಳ್ಳಿಯವರೂ ದೂರದ ಊರಿಂದ ಪುಸ್ತಕ, ಔಷಧಿ, ಸಾಮಾನು ತರಿಸಿಕೊಳ್ಳೋ ಹಾಗಾಯಿತು.

ಮೋಸವೂ ಜೊತೆಗೇ ಬಂತು. ಯಾರೂ ಕೇಳದ ಪೊಟ್ಟಣ ಕಳಿಸಿ ದುಡ್ಡು ವಸೂಲಿ ಮಾಡೋರಿದ್ದರು. ಅದಕ್ಕೇ 1898ರ ಕಾಯ್ದೆ, ನಿಜವಾದ ಆರ್ಡರ್ ಬಂದಿದ್ದರೆ ಮಾತ್ರ ವಿ.ಪಿ. ಕಳಿಸಬಹುದು ಅಂತ ಬರೆಯಿತು. ಮೋಸ ಆಗಿದ್ದರೆ ವಸೂಲಾದ ದುಡ್ಡನ್ನ ತಡೆದು ವಾಪಸ್ ಕೊಡೋಕೂ ದಾರಿ ಇಟ್ಟಿತು. ಇನ್ನೊಂದು ಕಡೆ, ಆರ್ಡರ್ ಕೊಟ್ಟವರು ‘ಬೇಡ’ ಅಂದುಬಿಟ್ಟರೆ ಹೋಗೋ ಬರೋ ಖರ್ಚು ಮಾರಿದವನ ತಲೆಗೆ. ಇವತ್ತು ಆರ್‌ಟಿಒ ಅಂತ ಕರೆದು ಸಣ್ಣ ಮಾರಾಟಗಾರರು ಹಣೆ ಚಚ್ಚಿಕೊಳ್ಳೋದು ಅದಕ್ಕೇನೇ. ರೋಗ ಹಳೇದು, ಹೆಸರು ಹೊಸದು.

ಸಮುದ್ರದಾಚೆ

ದೇಶ ದೇಶಗಳ ನಡುವೆಯೂ ಇದೇ ಮೂರು ಪ್ರಶ್ನೆ. 1874ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ಒಕ್ಕೂಟವೇ ಇವತ್ತಿನ ವಿಶ್ವ ಅಂಚೆ ಒಕ್ಕೂಟ. ಭಾರತ 1876ರಲ್ಲಿ ಸೇರಿತು. ಮೊದಲು ನಿಯಮ ಸರಳವಾಗಿತ್ತು: ಸ್ಟ್ಯಾಂಪಿನ ದುಡ್ಡು ಕಳಿಸಿದ ದೇಶಕ್ಕೇ ಇರಲಿ, ತಲುಪಿಸೋ ಕೆಲಸ ಪರಸ್ಪರ ಉಪಕಾರ. ಆದರೆ ಒಂದು ದೇಶ ಕಳಿಸೋದು ಕಮ್ಮಿ, ಬರೋದು ಜಾಸ್ತಿ ಆದ್ರೆ? ಅದಕ್ಕೆ 1969ರ ಟೋಕಿಯೋ ಸಮಾವೇಶದಲ್ಲಿ, ತಲುಪಿಸುವ ದೇಶಕ್ಕೆ ಇಷ್ಟು ದುಡ್ಡು ಅಂತ ನಿಗದಿಯಾಯಿತು. ಬಡ ದೇಶಗಳಿಗೆ ಕಮ್ಮಿ ದರ ಇಟ್ಟ ಲೆಕ್ಕದಿಂದ ಚೀನಾದ ಸಣ್ಣ ಪೊಟ್ಟಣಗಳು ಬಹಳ ಅಗ್ಗದಲ್ಲಿ ಅಮೆರಿಕ ಸೇರೋ ಹಾಗಾಯಿತು. ಅಮೆರಿಕ ಒಕ್ಕೂಟ ಬಿಡ್ತೀನಿ ಅಂತ ಬೆದರಿಸಿ, 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ರಾಜಿಯಾಗಿ, 2020ರ ಜುಲೈಯಿಂದ ತನ್ನ ದರ ತಾನೇ ಹೇಳತೊಡಗಿತು.

ನಮ್ಮಲ್ಲೂ ಒಂದು ಕಥೆ ಇದೆ. ಮೊದಲು 5000 ರೂಪಾಯಿವರೆಗಿನ ವಿದೇಶಿ ಉಡುಗೊರೆಗೆ ಸುಂಕ ಇರಲಿಲ್ಲ. ಮಾರಾಟದ ಮಾಲು ಉಡುಗೊರೆ ಅಂತ ಹೆಸರು ಹೊತ್ತು ಬರೋದು ಜಾಸ್ತಿ ಆದಾಗ 2019ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನ ನಿಲ್ಲಿಸಿತು. ವಿನಾಯಿತಿ ಸಿಕ್ಕಿದ್ದು ಎರಡಕ್ಕೆ: ಜೀವ ಉಳಿಸೋ ಔಷಧಿ ಮತ್ತು ರಾಖಿ. ಹೌದು, ರಾಖಿ! ಒಂದು ಎಳೆ ದಾರ, ನಾಲ್ಕು ಮಣಿ.

2025ರಲ್ಲಿ ಬಿಸಿ ತಟ್ಟಿದ್ದು ಇಲ್ಲಿಂದ ಹೊರಗೆ ಕಳಿಸೋರಿಗೆ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನ ಅಮೆರಿಕ ತೆಗೆದುಹಾಕಿತು. ಆಗಸ್ಟ್ 25ರಿಂದ ಇಂಡಿಯಾ ಪೋಸ್ಟ್ ಅಮೆರಿಕಕ್ಕೆ ಬಹುತೇಕ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು, ಸುಂಕ ಮೊದಲೇ ಕಟ್ಟಿಸಿಕೊಂಡು.

ಹಾಗಾದ್ರೆ ಈ ಇತಿಹಾಸದಿಂದ ನಿಮಗೇನು ಉಪಯೋಗ? ಪೊಟ್ಟಣ ಚಪ್ಪಟೆ ಇರಲಿ, ಡಬ್ಬ ಬೇಡ. ಒಬ್ಬರ ಎರಡು ಮೂರು ಆರ್ಡರ್ ಒಟ್ಟಿಗೆ ಕಳಿಸಿ, ಯಾಕಂದ್ರೆ ಖರ್ಚು ಇರೋದು ತೂಕಕ್ಕಿಂತ ಹೆಚ್ಚಾಗಿ ಬಾಗಿಲು ತಟ್ಟೋದರಲ್ಲಿ. ಸಣ್ಣ ಆರ್ಡರ್‌ಗೆ ಯುಪಿಐನಲ್ಲಿ ದುಡ್ಡು ಮೊದಲೇ ತಗೊಳ್ಳಿ, ಹಿಲ್ ಸಾಹೇಬರ ಅರ್ಧ ಉಳಿತಾಯ ಅದರಲ್ಲೇ ಇತ್ತು. ಕೌಂಟರ್‌ನಲ್ಲಿ ‘ಒಳಗೇನಿದೆ’ ಅಂದಾಗ ಇರೋದನ್ನೇ ಹೇಳಿ, ಅದಕ್ಕೆ ಯಾವ ಯಾವ ವರ್ಗ ಇದೆ ಅಂತ ವಿಚಾರಿಸಿ.

ಒಂದು ದರಪಟ್ಟಿಯ ಒಂದು ಸಾಲು ಯಾರು ವ್ಯಾಪಾರ ಮಾಡಬಹುದು ಅನ್ನೋದನ್ನೂ ತೀರ್ಮಾನ ಮಾಡುತ್ತೆ. ದೊಡ್ಡ ಕಂಪನಿ ಲಕ್ಷ ಪಾರ್ಸೆಲ್ ತೋರಿಸಿ ರಿಯಾಯಿತಿ ಕೇಳಬಹುದು. ಮನೆಯಲ್ಲಿ ಕೂತು ದಿನಕ್ಕೆ ಐದು ಪೊಟ್ಟಣ ಕಟ್ಟೋ ಹೆಣ್ಣುಮಗಳಿಗೆ ಆ ಅವಕಾಶ ಇಲ್ಲ. ಅವಳಿಗೆ ಇರೋದು ಅಂಚೆ ಕೌಂಟರ್ ಮಾತ್ರ. ಪುಸ್ತಕಕ್ಕೆ ಒಂದು ಅಗ್ಗದ ಸಾಲು ಬರೆಯೋಕೆ ಆಗುತ್ತೆ ಅಂದ್ರೆ, 100 ಗ್ರಾಂ ಒಳಗಿನ ಕೈಕಸುಬಿನ ಸಾಮಾನಿಗೂ ಬರೆಯಬಹುದು. ಕೇಳೋರು ಬೇಕು ಅಷ್ಟೇ.

ನಿಮ್ಮ ಪೊಟ್ಟಣದ ಲೆಕ್ಕ ಹೇಗಿದೆ, ನಮಗೆ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.